ಸುಮ್ಮನಿದ್ದರೆ ಒಪ್ಪಿಗೆ ಅಂತಲ್ಲ

ನಮ್ಮ ಮನೆಗೆ ಬರೋರಿಗೆಲ್ಲ ಒಂದು ಚಾಳಿ. ನಾಯಿಮರಿ ಕಂಡ ಕೂಡಲೇ "ಅಯ್ಯೋ ಮುದ್ದು!" ಅಂತ ಬಗ್ಗಿ, ಮುಂಗಾಲುಗಳ ಕೆಳಗೆ ಕೈ ಹಾಕಿ ಎತ್ತಿಬಿಡೋದು. ನಮ್ಮ ಚುಕ್ಕಿ ಆಗ ಮರಗಟ್ಟಿದ ಹಾಗೆ ಇರುತ್ತಿದ್ದಳು. "ಎಷ್ಟು ಸಾಧು ನೋಡ್ರೀ" ಅನ್ನೋರು. ನಾನೂ ಹಾಗೇ ಅಂದುಕೊಂಡಿದ್ದೆ..

ಚುಕ್ಕಿ ಬೀದಿ ಮರಿ. ಮರಳಿನ ರಾಶಿ ಮೇಲೆ ಸಿಕ್ಕಾಗ ಮೂರು ತಿಂಗಳು ದಾಟಿರಬೇಕು. ಮರಿಗಳು ಮನುಷ್ಯರ ಒಡನಾಟವನ್ನು ಸಲೀಸಾಗಿ ಕಲಿಯೋದು ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ. ಆ ಕಾಲ ಇವಳಿಗೆ ಬೀದಿಯಲ್ಲೇ ಕಳೆದಿತ್ತು. ಲಸಿಕೆ ಹಾಕಿಸುವಾಗ ಮೂವರು ಸೇರಿ ಅದುಮಿ ಹಿಡಿದೆವು. "ಒದ್ದಾಡಲಿ ಬಿಡಿ, ಸುಸ್ತಾದ್ರೆ ತಾನೇ ಸುಮ್ಮನಾಗುತ್ತೆ" ಅಂದರು ಒಬ್ಬರು. ಸುಮ್ಮನಾದಳು ನಿಜ. ಉಚ್ಚೆ ಹೊಯ್ದುಕೊಂಡಿದ್ದಳು.

ಮಾರನೇ ದಿನದಿಂದ ನನ್ನ ಕೈ ಕೆಳಗೆ ಬಂದರೆ ಸಾಕು, ಮಂಚದಡಿ ಓಟ. ವಾರ ಕಳೆದ ಮೇಲೆ ಅಕ್ಕನ ಮಗಳು ಎತ್ತಲು ಹೋದಾಗ ಗುರ್ ಅಂದಳು. ನಾನು ಗದರಿದೆ. ಮುಂದಿನ ಸಲ ಗುರ್ ಅನ್ನಲಿಲ್ಲ, ನೇರ ಬಾಯಿ ಹಾಕಿದಳು! ಸಣ್ಣ ಗೀರು. ಆದರೂ 15 ನಿಮಿಷ ಸೋಪು ಹಚ್ಚಿ ತೊಳೆದು, ಮಗುವನ್ನು ರೇಬಿಸ್ ಚುಚ್ಚುಮದ್ದಿಗೆ ಕರೆದುಕೊಂಡು ಹೋದೆವು. ರಾತ್ರಿ ಊಟದ ಹೊತ್ತಿಗೆ ಅಮ್ಮ ಹೇಳಿಯೇಬಿಟ್ಟರು, "ಎಲ್ಲಾದ್ರೂ ಬಿಟ್ಟು ಬಾರಪ್ಪ ಇದನ್ನ."

ತಪ್ಪು ನನ್ನದು. ಗುರ್ ಅನ್ನೋದು ನಾಯಿಯ ಮಾತು. ಮಾತಾಡಿದ್ದಕ್ಕೆ ಬೈದರೆ ಮಾತು ನಿಲ್ಲುತ್ತೆ, ಭಯ ನಿಲ್ಲಲ್ಲ. ಅದಕ್ಕೂ ಮುಂಚೆ ಅವಳು ಎಷ್ಟೋ ಸಲ ಹೇಳಿದ್ದಳು: ತುಟಿ ನೆಕ್ಕೋದು, ನಿದ್ದೆ ಬರದೇ ಆಕಳಿಸೋದು, ಮುಖ ತಿರುಗಿಸೋದು, ಕಣ್ಣಿನ ಬಿಳಿ ಕಾಣಿಸೋದು. ನಾವು ನೋಡಲೇ ಇಲ್ಲ.

ಆಮೇಲೆ ಅಮ್ಮನ ಹತ್ತಿರ ಸ್ವಲ್ಪ ಕಾಲ ಕೇಳಿಕೊಂಡು, ಮೊದಲಿಂದ ಶುರು ಮಾಡಿದೆ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರೋದು. ಅವಳಾಗಿ ಬಂದರೆ ಭುಜ ಒಂದು ಕ್ಷಣ ಮುಟ್ಟಿ, ಬೇಯಿಸಿದ ಕೋಳಿಯ ಚೂರು ಕೊಟ್ಟು, ಕೈ ತೆಗೆಯೋದು. ಮುಟ್ಟೋದು ಮೊದಲು, ತಿಂಡಿ ಆಮೇಲೆ; ಈ ಕ್ರಮ ಮುಖ್ಯ. ದಿನಕ್ಕೆ ಎರಡು ಸಲ, ಎರಡೇ ನಿಮಿಷ. ಭುಜ ಆದ ಮೇಲೆ ಕಿವಿ, ಪಾದ. ಆಮೇಲೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಸುಮ್ಮನೆ ಇಟ್ಟು ತೆಗೆಯೋದು. ಕೊನೆಗೆ "ಎತ್ತಲಾ?" ಅಂತ ಕೇಳಿ ಒಂದು ಇಂಚು ಎತ್ತಿ ಇಳಿಸೋದು. ಮುಖ ತಿರುಗಿಸಿದರೆ ಅವತ್ತಿಗೆ ಅಲ್ಲಿಗೇ ಮುಕ್ತಾಯ. ಇನ್ನೊಂದು ಮಾತು, ಮುಂಚೆ ಆರಾಮಾಗಿ ಮುಟ್ಟಿಸಿಕೊಳ್ಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಬೇಡ ಅಂದರೆ ಎಲ್ಲೋ ನೋವಿರಬಹುದು. ಮೊದಲು ಡಾಕ್ಟರಿಗೆ ತೋರಿಸಿ.

"ನಮ್ಮ ಊರ ನಾಯಿಗೆ ಯಾರಪ್ಪಾ ಇಷ್ಟೆಲ್ಲ ಮಾಡಿದ್ರು?" ಅಂತ ನಕ್ಕ ಗೆಳೆಯನಿದ್ದಾನೆ. ನಿಜ. ಆದರೆ ಊರ ನಾಯಿಯನ್ನು ಯಾರೂ ಎತ್ತುತ್ತಲೂ ಇರಲಿಲ್ಲ. ಬೇಡ ಅನಿಸಿದರೆ ಎದ್ದು ಹೋಗೋಕೆ ಅದಕ್ಕೆ ಇಡೀ ಅಂಗಳ ಇತ್ತು. ಎರಡು ಬೆಡ್‌ರೂಮಿನ ಮನೆಯಲ್ಲಿ ಚುಕ್ಕಿ ಎಲ್ಲಿಗೆ ಹೋಗಬೇಕು? ಮಂಚದಡಿಗೆ ತಾನೇ? ಅಲ್ಲಿಂದಲೂ ನಾವು ಎಳೆಯುತ್ತೇವೆ.

ಹೀಗೆ ಎರಡು ತಿಂಗಳಾಯಿತು. ಮುಂದಿನ ಲಸಿಕೆಗೆ ನಾನೊಬ್ಬನೇ ಎತ್ತಿ ಡಾಕ್ಟರ ಟೇಬಲ್ ಮೇಲೆ ಇಟ್ಟೆ. ನಡುಗಿದಳು, ಆದರೆ ತಲೆಯನ್ನು ನನ್ನ ಕಂಕುಳಿಗೆ ತುರುಕಿದಳು. ಈಗಲೂ ಬೇರೆಯವರು ಎತ್ತೋದು ಅವಳಿಗೆ ಇಷ್ಟವಿಲ್ಲ. ಇರಲಿ ಬಿಡಿ, ಎಲ್ಲರ ತೋಳಿಗೂ ಹೋಗಲೇಬೇಕು ಅಂತ ಏನಿದೆ?

ಅಂದಹಾಗೆ, "ಬಿಟ್ಟು ಬಾ" ಅಂದಿದ್ದ ಅಮ್ಮ ಈಗ ಮನೆಗೆ ಬಂದವರಿಗೆ ಬಾಗಿಲಲ್ಲೇ ಹೇಳುತ್ತಾರೆ, "ಎತ್ತಬೇಡಿ. ಕೂತ್ಕೊಳ್ಳಿ, ಅವಳೇ ಬರ್ತಾಳೆ." :)