ಶುಗರ್ ಮಷಿನ್‌ಗೆ ನಮ್ಮೂರ ಬಿಸಿಲು ಗೊತ್ತಿಲ್ಲ

ಕ್ಯಾಂಪಿನಲ್ಲಿ ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತ ನೋಡಿ, 'ನಿಮಗೆ ಶುಗರ್ ಇದೆ' ಅಂದುಬಿಡುತ್ತಾರೆ. ಈ ಆತುರಕ್ಕೆ ನಮ್ಮ ತಕರಾರಿದೆ.

ಅಸಲಿ ಕೆಲಸ ಮಷಿನ್‌ದಲ್ಲ, ಸ್ಟ್ರಿಪ್‌ನದು. ಅದಕ್ಕೆ ಬಳಿದ ಕಿಣ್ವ ರಕ್ತದ ಸಕ್ಕರೆ ಜೊತೆ ಸೇರಿದಾಗ ಹುಟ್ಟುವ ಸಣ್ಣ ಕರೆಂಟನ್ನು ಮಷಿನ್ ಅಂಕಿಯಾಗಿ ತೋರಿಸುತ್ತದೆ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಹಾಕಿಕೊಟ್ಟ ದಾರಿ. ಒಳ್ಳೆಯದೇ, ಬೇಡ ಅನ್ನುತ್ತಿಲ್ಲ.

ಆದರೆ ಸ್ಟ್ರಿಪ್‌ಗೆ ಬಿಸಿ, ತೇವ ಆಗದು. 30 ಡಿಗ್ರಿ ದಾಟದಂತೆ ಇಡಿ ಎಂದು ಬಹಳಷ್ಟು ಡಬ್ಬಿಗಳ ಮೇಲೆ ಬರೆದಿರುತ್ತದೆ, ಅದೂ ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ 40 ದಾಟುತ್ತದೆ. ಆಶಾ ಅಕ್ಕನ ಚೀಲದೊಳಗೆ ಎಷ್ಟಿರಬೇಕು?

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ರಕ್ತ ಕಡಿಮೆ ಇದ್ದವರಲ್ಲಿ ಅನೇಕ ಮಷಿನ್‌ಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಸಾಲಿನಲ್ಲಿ ನಿಂತವರು ಅವರೇ ಅಲ್ಲವೇ? ಮಾತ್ರೆ ನುಂಗುವ ಅವ್ವನಿಗೆ ಸಕ್ಕರೆ ತೀರಾ ಇಳಿದಿದ್ದರೂ ಮಷಿನ್ 'ಸರಿಯಿದೆ' ಅನ್ನಬಹುದು.

ಟೆಂಡರ್ ಕರೆಯುವವರು ಅಗ್ಗದ ದರವೊಂದನ್ನೇ ನೋಡಿದರೆ ಸಾಲದು. ರಕ್ತ ಎಷ್ಟು ಕಡಿಮೆಯಿದ್ದರೂ ಸರಿ ಅಳೆಯುತ್ತದೆ, ಎಷ್ಟು ಬಿಸಿ ತಡೆಯುತ್ತದೆ ಎಂದು ಕೇಳಲಿ. ಡಬ್ಬಿ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಶುಗರ್ ಜೊತೆ ಹಿಮೋಗ್ಲೋಬಿನ್ ಕೂಡ ನೋಡಲಿ. ನೀವೂ ಸುಮ್ಮನಿರಬೇಡಿ. ಹೊಸದಾಗಿ ಶುಗರ್ ಅಂದರೆ, ಕೈ ನರದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ನೋಡಿ ಅನ್ನಿ. ಈಗಾಗಲೇ ಮಾತ್ರೆ ತಗೊಳ್ಳುವವರು ಮಾತ್ರ ಇದನ್ನು ಓದಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.