ಫೈಲ್ ಕಾಪಿ ಆಯಿತು, ಫೋಲ್ಡರ್ ಎಲ್ಲಿ ಹೋಯಿತು?

ಹಲವು ವರ್ಷಗಳ ಫೋಟೋಗಳನ್ನು ಕಮಾಂಡ್ ಲೈನಿನಿಂದ ಹೊಸ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡುತ್ತೀರಿ. ದೊಡ್ಡ ತಕರಾರೇನೂ ಕಾಣುವುದಿಲ್ಲ. ನಂಬಿ ಹಳೆಯದನ್ನು ಅಳಿಸುತ್ತೀರಿ. ಆಮೇಲೆ ನೋಡಿದರೆ ಎಲ್ಲವೂ ಒಂದೇ ಫೋಲ್ಡರಿನಲ್ಲಿ ರಾಶಿ ಬಿದ್ದಿವೆ, ಎಣಿಸಿದರೆ ಕೆಲವು ಇಲ್ಲವೇ ಇಲ್ಲ. ಕಾಪಿ ಎಂದರೆ ಇದ್ದದ್ದು ಇದ್ದ ಹಾಗೇ ಬರುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ.

ಹೀಗೇಕೆ?

ಫೈಲಿನೊಳಗೆ ಇರುವುದು ಅದರ ವಿಷಯ ಮಾತ್ರ. ಅದರ ಹೆಸರು ಮತ್ತು ಜಾಗ ಇರುವುದು ಫೋಲ್ಡರಿನಲ್ಲಿ. ಫೋಲ್ಡರ್ ಎಂದರೆ ಪೆಟ್ಟಿಗೆಯಲ್ಲ, ಒಂದು ಪಟ್ಟಿ. ಕಾಪಿ ಮಾಡುವಾಗ ಪಟ್ಟಿಯನ್ನೂ ಹೊಸದಾಗಿ ಕಟ್ಟು ಎಂದು ಹೇಳದಿದ್ದರೆ ಕಂಪ್ಯೂಟರ್ ಕಟ್ಟುವುದಿಲ್ಲ.

ನಷ್ಟವಾಗುವುದು ಇಲ್ಲೇ. ಡಿಜಿಟಲ್ ಕ್ಯಾಮೆರಾಗಳು ಸಾಮಾನ್ಯವಾಗಿ ಫೋಟೋಗಳಿಗೆ ನಾಲ್ಕು ಅಂಕೆಯ ಸಂಖ್ಯೆ ಕೊಡುತ್ತವೆ. 9999 ಮುಗಿದರೆ ಮತ್ತೆ 0001. ಹಾಗಾಗಿ ಮದುವೆಯ ಫೋಲ್ಡರಿನಲ್ಲೂ ಪ್ರವಾಸದ ಫೋಲ್ಡರಿನಲ್ಲೂ ಒಂದೇ ಹೆಸರಿನ ಫೈಲ್ ಇರಬಹುದು. ಎರಡನ್ನೂ ಒಂದೇ ಕಡೆ ಸುರಿದರೆ ಎರಡನೆಯದು ಮೊದಲನೆಯದನ್ನು ಅಳಿಸಿ ಕೂರುತ್ತದೆ. ವಿಂಡೋಸಿನ ಬ್ಯಾಚ್ ಫೈಲಿನೊಳಗಿನ 'ಕಾಪಿ' ಆದೇಶವಂತೂ ಹೀಗೆ ಅಳಿಸುವ ಮುನ್ನ ಕೇಳುವುದೂ ಇಲ್ಲ.

ಯಾವ ಆದೇಶ ಏನು ಮಾಡುತ್ತದೆ?

ವಿಂಡೋಸಿನ 'ಕಾಪಿ' ಒಳಫೋಲ್ಡರುಗಳನ್ನು ಮುಟ್ಟುವುದಿಲ್ಲ. 'ಎಕ್ಸ್‌ಕಾಪಿ'ಗೆ 'ಎಸ್' ಆಯ್ಕೆ ಕೊಟ್ಟರೆ ಒಳಫೋಲ್ಡರುಗಳು ಬರುತ್ತವೆ, ಖಾಲಿ ಫೋಲ್ಡರುಗಳನ್ನು ಬಿಟ್ಟು. ಅವೂ ಬೇಕಿದ್ದರೆ 'ಇ'. ವಿಸ್ತಾದಿಂದೀಚೆಗೆ ವಿಂಡೋಸಿನ ಜೊತೆಗೇ ಬರುವ 'ರೋಬೋಕಾಪಿ'ಯಲ್ಲೂ 'ಇ' ಇದೆ. ಅರ್ಧಕ್ಕೆ ನಿಂತ ದೊಡ್ಡ ಕಾಪಿಯನ್ನು ಮುಂದುವರಿಸಲು ಅದೇ ಅನುಕೂಲ.

ಲಿನಕ್ಸಿನ 'ಸಿಪಿ'ಗೆ 'ಆರ್' ಕೊಡದಿದ್ದರೆ ಫೋಲ್ಡರನ್ನು ಬಿಟ್ಟು ಮುಂದೆ ಹೋಗುತ್ತದೆ. 'ಆರ್' ಕೊಟ್ಟರೆ ಫೋಲ್ಡರುಗಳು ಬರುತ್ತವೆ, ಆದರೆ ತಾರೀಖು ಇವತ್ತಿನದಾಗುತ್ತದೆ. ತಾರೀಖು, ಅನುಮತಿಗಳೂ ಉಳಿಯಬೇಕಾದರೆ 'ಎ' ಕೊಡಬೇಕು. ಆಯ್ದ ಕೆಲವೇ ಫೈಲುಗಳನ್ನು ಅವುಗಳ ದಾರಿಯ ಸಮೇತ ಒಯ್ಯಲು 'ಪೇರೆಂಟ್ಸ್' ಆಯ್ಕೆಯಿದೆ.

1996ರಲ್ಲಿ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಹೊರತಂದ 'ಆರ್‌ಸಿಂಕ್'ನಲ್ಲಿ ಒಂದು ಓರೆಗೆರೆಯೇ ಫಲಿತಾಂಶ ಬದಲಿಸುತ್ತದೆ. ಮೂಲ ಫೋಲ್ಡರಿನ ಹೆಸರಿನ ಕೊನೆಯಲ್ಲಿ ಓರೆಗೆರೆ ಇದ್ದರೆ ಒಳಗಿರುವುದು ಮಾತ್ರ ಹೋಗುತ್ತದೆ. ಇಲ್ಲದಿದ್ದರೆ ಫೋಲ್ಡರೂ ಸೇರಿ ಹೋಗುತ್ತದೆ.

ಎಚ್ಚರ ಬೇಕಾದ ಜಾಗ

ರೋಬೋಕಾಪಿಯ 'ಮಿರ್', ಆರ್‌ಸಿಂಕಿನ 'ಡಿಲೀಟ್' ಆಯ್ಕೆಗಳು ಎರಡೂ ಕಡೆ ಒಂದೇ ರೀತಿ ಕಾಣುವಂತೆ ಮಾಡುತ್ತವೆ. ಅಂದರೆ, ಮೂಲದಲ್ಲಿ ಇಲ್ಲದ್ದನ್ನು ತಲುಪುವ ಕಡೆಯಿಂದ ಅಳಿಸುತ್ತವೆ. ಎರಡು ಹೆಸರು ಅದಲುಬದಲಾಗಿ, ಖಾಲಿ ಡಿಸ್ಕ್ ಮೂಲವಾದರೆ ತುಂಬಿದ ಡಿಸ್ಕೂ ಖಾಲಿ!

ಆದ್ದರಿಂದ ಮೊದಲು ತಾಲೀಮು ಮಾಡಿ. ರೋಬೋಕಾಪಿಗೆ 'ಎಲ್', ಆರ್‌ಸಿಂಕಿಗೆ 'ಎನ್' ಕೊಟ್ಟರೆ ಏನೇನು ಆಗಲಿದೆ ಎಂದು ತೋರಿಸುತ್ತವೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ. ಕಾಪಿ ಮುಗಿದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ ತಾಳೆ ನೋಡಿ, ಕೆಲವನ್ನು ತೆರೆದು ನೋಡಿ. ಹಳೆಯದನ್ನು ಅಳಿಸುವ ಮಾತು ಆಮೇಲೆ.