ಗಂಟು ತೆಗೆದರೆ ಮುಗಿಯಿತೆ?

"ಗಂಟು ತಗದಾರಲ್ಲ, ಇನ್ನೇನೈತಿ?" 2016ರಲ್ಲಿ ನನ್ನ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಆಪರೇಷನ್ ಮಾಡಿ ತೆಗೆದ ಮೇಲೆ ಸಿಂಧನೂರಿನ ನಮ್ಮ ಮನೆಯಲ್ಲಿ ಎಲ್ಲರೂ ಆಡಿದ ಮಾತಿದು. ಅದು ಕ್ಯಾನ್ಸರ್ ಗಂಟಾಗಿತ್ತು. ಮಸ್ಕಿಯಿಂದ ಬಂದ ಅವ್ವ ಹರಕೆ ತೀರಿಸಿದಳು, ಅತ್ತೆಯವರು ಓಣಿಗೆಲ್ಲ ಸಕ್ಕರೆ ಹಂಚಿದರು. ಬಿಡುಗಡೆಯ ಕಾಗದದಲ್ಲಿ ಅಯೋಡಿನ್ ಸ್ಕ್ಯಾನಿಗೆ ಬರಬೇಕೆಂದು ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಹಾಗೆಂದರೇನೆಂದು ಯಾರೂ ಬಿಡಿಸಿ ಹೇಳಲಿಲ್ಲ. ಕೇಳಬೇಕೆಂದು ನನಗೂ ತೋಚಲಿಲ್ಲ.

ಆಮೇಲೆ ಗೊತ್ತಾದಾಗಲೂ ಹೋಗಲಾಗಲಿಲ್ಲ. ಮೊದಲು ಮೈದುನನ ಮದುವೆ, ನಂತರ ಭತ್ತದ ಸುಗ್ಗಿ, ಅದರ ಹಿಂದೆಯೇ ಮಗನ ಪರೀಕ್ಷೆ. ಹೀಗೆ ಒಂದೂವರೆ ವರ್ಷ ಕಳೆಯಿತು. ನಾಟಿಯ ಕಾಲಕ್ಕೆ ಟ್ರ್ಯಾಕ್ಟರ್ ಕೆಟ್ಟರೆ ಆ ರಾತ್ರಿಯೇ ಮೆಕ್ಯಾನಿಕನನ್ನು ಎಬ್ಬಿಸಿ ಕರೆತರುವ ಮನೆ ನಮ್ಮದು. ಹೆಂಗಸಿನ ಕುತ್ತಿಗೆ ಮಾತ್ರ ಮುಂದಿನ ಹಂಗಾಮಿನವರೆಗೆ ಕಾಯಬಹುದು!

ಈ ಸ್ಕ್ಯಾನ್ ಏನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ದೇಹದಲ್ಲಿ ಅಯೋಡಿನ್ನನ್ನು ಹೆಚ್ಚಾಗಿ ಹೀರುವುದು ಥೈರಾಯ್ಡ್ ಜೀವಕೋಶ. ಸಾಮಾನ್ಯ ಬಗೆಯ ಥೈರಾಯ್ಡ್ ಕ್ಯಾನ್ಸರಿಗೂ ಬಹುಮಟ್ಟಿಗೆ ಇದೇ ಗುಣ ಉಳಿದಿರುತ್ತದೆ. ವಿಕಿರಣ ಸೂಸುವ ಅಯೋಡಿನ್-131 ಅನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕುಡಿಸಿದರೆ, ಅಂಥ ಕೋಶ ಎಲ್ಲಿ ಉಳಿದಿದೆಯೋ ಅಲ್ಲಿ ಅದು ಹೋಗಿ ಸೇರುತ್ತದೆ. ಒಂದೆರಡು ದಿನ ಬಿಟ್ಟು ಗಾಮಾ ಕ್ಯಾಮೆರಾದ ಕೆಳಗೆ ಮಲಗಿಸುತ್ತಾರೆ. ಎಕ್ಸ್‌ರೇಯಂತೆ ಈ ಯಂತ್ರ ಕಿರಣ ಬಿಡುವುದಿಲ್ಲ. ಒಳಗಿನಿಂದ ಬರುವ ಕಿರಣವನ್ನು ಹಿಡಿದು ಚಿತ್ರ ಮಾಡುತ್ತದೆ, ಅಷ್ಟೆ. ಎಂಟು ದಿನಕ್ಕೆ ಆ ಅಯೋಡಿನ್ನಿನ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಓಣಿಯವರು ಇದನ್ನೂ "ಕರೆಂಟ್ ಕೊಡ್ತಾರಂತ" ಎಂದು ಹೆದರಿಸಿದರು.

ಇದೇನು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಸಾಲ್ ಹರ್ಟ್ಜ್ ಎಂಬ ವೈದ್ಯರು 1941ರಲ್ಲೇ ಥೈರಾಯ್ಡ್ ಕಾಯಿಲೆಗೆ ಇಂಥ ಅಯೋಡಿನ್ ಕೊಟ್ಟಿದ್ದರು. ಮುಂಬಯಿಯಲ್ಲಿ ರೇಡಿಯೇಷನ್ ಮೆಡಿಸಿನ್ ಸೆಂಟರ್ ಶುರುವಾದದ್ದು 1963ರಲ್ಲಿ. ಅರವತ್ತು ವರ್ಷ ಕಳೆದ ಮೇಲೂ ಅದರ ಸುದ್ದಿ ನಮ್ಮ ಅಡುಗೆಮನೆಗೆ ಬರಲಿಲ್ಲವೆಂದರೆ ತಪ್ಪು ಅಡುಗೆಮನೆಯದೇ?

ಅಡುಗೆಮನೆಯ ಮಾತು ಸುಮ್ಮನೆ ಎತ್ತಲಿಲ್ಲ. ಸ್ಕ್ಯಾನಿಗೆ ಮುಂಚೆ ಒಂದೆರಡು ವಾರ ಅಯೋಡಿನ್ ಕಡಿಮೆಯಿರುವ ಊಟ ಮಾಡಬೇಕು. ಪ್ಯಾಕೆಟ್ಟಿನ ಅಯೋಡಿನ್ ಉಪ್ಪು, ಹಾಲು, ಮೊಸರು, ಮೊಟ್ಟೆ, ಮೀನು ಕೂಡದು. ಉಪ್ಪೇ ಬೇಡವೆಂದಲ್ಲ, ಅಯೋಡಿನ್ ಬೆರೆಸದ ಉಪ್ಪು ನಡೆಯುತ್ತದೆ. "ಒಬ್ಬಾಕೆ ಸಲುವಾಗಿ ಎರಡು ಸಾರು ಯಾರು ಮಾಡಬೇಕ?" ಎಂಬ ಪ್ರಶ್ನೆ ಬಂತು. ಲಿಂಗಸುಗೂರಿನಿಂದ ನಮ್ಮಕ್ಕ ಬಂದು ಹದಿನೈದು ದಿನ ನನಗೆ ಬೇರೆ ಪಲ್ಯ, ಬೇರೆ ಶೇಂಗಾ ಚಟ್ನಿ ಮಾಡಿಕೊಟ್ಟಳು. ಥೈರಾಕ್ಸಿನ್ ಗುಳಿಗೆಯನ್ನೂ ನಾಲ್ಕು ವಾರ ನಿಲ್ಲಿಸಿದ್ದರು. ಮುಖ ಊದಿತು, ಮೈ ತಣ್ಣಗಾಯಿತು, ರೊಟ್ಟಿ ಬಡಿಯಲು ಕೈ ಏಳದು. ಅದಕ್ಕೆ ಸಿಕ್ಕ ಹೆಸರು ಸೋಮಾರಿತನ.

ಕೊನೆಗೂ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಕುತ್ತಿಗೆಯ ಬದಿಯ ಎರಡು ದುಗ್ಧಗ್ರಂಥಿಗಳಲ್ಲಿ ರೋಗ ಇತ್ತು. ಆ ಒಂದೂವರೆ ವರ್ಷದಲ್ಲಿ ಅದು ಬೆಳೆಯಿತೋ, ಮೊದಲೇ ಅಷ್ಟಿತ್ತೋ, ಈಗ ಯಾರೂ ಹೇಳಲಾರರು. ಅದೇ ಅಯೋಡಿನ್ನನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಕೆಲವು ದಿನ ಬೇರೆ ಕೋಣೆಯಲ್ಲಿಟ್ಟು ಕಳಿಸಿದರು. ಇಂದು ಚೆನ್ನಾಗಿದ್ದೇನೆ. ಆದರೆ "ಮುಗಿಯಿತು" ಎನ್ನುವುದಿಲ್ಲ. ಥೈರೊಗ್ಲಾಬ್ಯುಲಿನ್ ಎಂಬ ರಕ್ತಪರೀಕ್ಷೆ ಇಂದಿಗೂ ನಡೆದಿದೆ, ಗುಳಿಗೆ ಜೀವನಪೂರ್ತಿ.

ಎಲ್ಲರಿಗೂ ಈ ಸ್ಕ್ಯಾನ್ ಬೇಕೇಬೇಕೆಂದು ನನ್ನ ವಾದವಲ್ಲ. ಅಪಾಯ ಕಡಿಮೆಯಿದ್ದವರಿಗೆ ಆ ರಕ್ತಪರೀಕ್ಷೆ, ಕುತ್ತಿಗೆಯ ಅಲ್ಟ್ರಾಸೌಂಡ್ ಸಾಕೆಂದು ವೈದ್ಯರೇ ಈಗ ಹೇಳುತ್ತಾರೆ. ಗರ್ಭಿಣಿಯರಿಗೆ, ಮೊಲೆಯೂಡಿಸುವವರಿಗೆ ಈ ಅಯೋಡಿನ್ ಕೊಡುವಂತೆಯೇ ಇಲ್ಲ. ನನಗೆ ಬೇಕೋ ಬೇಡವೋ ಎಂಬುದನ್ನು ನನ್ನ ರೋಗ ನೋಡಿ ವೈದ್ಯರು ನಿರ್ಧರಿಸಲಿ. ಮದುವೆ, ಸುಗ್ಗಿ ನೋಡಿ ಮನೆಯವರು ನಿರ್ಧರಿಸುವುದು ಯಾವ ನ್ಯಾಯ? ಈ ರೋಗ ಗಂಡಸರಿಗಿಂತ ಹೆಂಗಸರಿಗೆ ಸುಮಾರು ಮೂರು ಪಟ್ಟು ಹೆಚ್ಚು. ಆಸ್ಪತ್ರೆಗಳಾದರೂ ಮುಂದಿನ ತಪಾಸಣೆಯ ವಿಷಯವನ್ನು ಕನ್ನಡದಲ್ಲಿ ಬರೆದು, ರೋಗಿಯ ಕೈಗೇ ಕೊಡಬಾರದೇ?

ಅಲ್ಲಿಯವರೆಗೆ ನಾವೇ ಕೇಳಬೇಕು. ಕುತ್ತಿಗೆಯ ಮೇಲೆ ಗೆರೆ ಇರುವ ಅಕ್ಕ-ತಂಗಿಯರೇ, ಟ್ರಂಕಿನಲ್ಲಿಟ್ಟ ಆ ಕಾಗದ ಹೊರಗೆ ತೆಗೆಯಿರಿ. ಕೊನೆಯ ಸಾಲನ್ನು ಓದಿಸಿಕೊಳ್ಳಿ. ತಾರೀಖು ದಾಟಿದ್ದರೆ ಈ ಸುಗ್ಗಿ ಮುಗಿಯಲೆಂದು ಕಾಯಬೇಡಿ.